ಅಳತೆಯಿಂದ ಕೈಬಿಟ್ಟ ಮೂಲೆ

9 ಜನವರಿ

ಗುಬ್ಬೀ,

ಫೋನಿನಲ್ಲಿ ನೀನು "ಹೂಂ ಅಕ್ಕ, ಆಮೇಲೆ ಮಾಡ್ತೀನಿ" ಅನ್ನುವುದು ಬಿಟ್ಟು ಬೇರೇನೂ ಹೇಳುವುದಿಲ್ಲ. ಅದಕ್ಕೇ ಈ ಕಾಗದ. ಇದು ನಿನ್ನ ಮೇಜಿನ ಮೇಲೆ ಕೂತು ಉತ್ತರ ಬರೆಯುವ ತನಕ ನಿನ್ನನ್ನೇ ನೋಡುತ್ತಿರಲಿ.

ಮೊನ್ನೆ ಸ್ಟಾಫ್ ರೂಮಿನಲ್ಲಿ ಲೆಕ್ಕದ ಮೇಷ್ಟ್ರು, "ನಿಮ್ಮ ತಂಗಿ ಅದೇನೋ ಕ್ವಾಂಟಮ್ ಅಂತಾರಲ್ಲ, ಏನು ಮಾಡ್ತಾರೆ ಮೇಡಂ?" ಅಂದರು. "ಪರಮಾಣು ಬೀಳೋದನ್ನ ನೋಡ್ತಾಳೆ" ಅಂದೆ. "ಅದಕ್ಕೆ ಇಷ್ಟು ಓದಬೇಕಾ? ನಮ್ಮಲ್ಲಿ ದಿನಾ ಮಕ್ಕಳು ಬೀಳ್ತಾವೆ, ಬಂದು ನೋಡ್ಲಿ" ಅಂದರು. ಎಲ್ಲರ ಜೊತೆ ನಾನೂ ನಕ್ಕೆ. ಆಮೇಲೆ ಸಿಟ್ಟು ಬಂತು. ಅವರ ಮೇಲಲ್ಲ. ತಲೆ ಬೆಳ್ಳಗಾಗುತ್ತಾ ಬಂದರೂ ನಿನ್ನಿಂದ ವರ್ಷ ವರ್ಷ ಹೊಸ ಕರಾರಿಗೆ ಸಹಿ ಹಾಕಿಸುತ್ತಾರಲ್ಲ, ಆ ನಿನ್ನ ಸಂಸ್ಥೆಯ ಮೇಲೆ. ಅಲ್ಲಿ ಗೇಟು ತೆಗೆಯುವವನದು ಖಾಯಂ ಕೆಲಸ, ನಿನ್ನದಲ್ಲ.

ನನ್ನ ಕಡೆಯ ಸುದ್ದಿ. ಅಪಾಯದ ಕಟ್ಟಡ ಕಂಡರೆ ಶಾಲೆ ಖಾಲಿ ಮಾಡಿಸಿ, ಮಕ್ಕಳನ್ನು ಹೆದ್ದಾರಿ ಆಚೆಯ ಶಾಲೆಗೆ ಕಳಿಸಿ ಎಂದು ನಗರಸಭೆ ಆದೇಶ ಹೊರಡಿಸಿದೆ. ದುರಸ್ತಿ ಆದ ಮೇಲೆ ವಾಪಸ್ಸಂತೆ. ಈ ಊರಿನ ಜನಕ್ಕೆ ಮರೆವು ಜಾಸ್ತಿ, ನನಗೆ ಇಲ್ಲ. ಹೆರಿಗೆ ವಾರ್ಡು ದುರಸ್ತಿಗೆ ಅಂತ ಮುಚ್ಚಿದರು. ಇವತ್ತು ಅಲ್ಲಿ ಲಾರಿ ನಿಲ್ಲುತ್ತದೆ. ಲೈಬ್ರರಿ ದುರಸ್ತಿಗೆ ಅಂತ ಮುಚ್ಚಿದರು. ಪುಸ್ತಕ ತೂಕಕ್ಕೆ ಹೋಯಿತು. ನಾನು ಹೆಡ್ ಮಿಸ್ ಆಗಿರುವ ತನಕ ನನ್ನ ಶಾಲೆಗೆ ಬೀಗ ಬೀಳುವುದಿಲ್ಲ. ನೆಪ ಬೇಕಾದವರಿಗೆ ನಾನು ಒಂದು ಗೆರೆಯಷ್ಟೂ ನೆಪ ಕೊಡುವುದಿಲ್ಲ.

ನಿನ್ನ ಅಕ್ಕ

27 ಜನವರಿ

ಅಕ್ಕಾ,

ಲೆಕ್ಕದ ಮೇಷ್ಟ್ರಿಗೆ ಹೇಳು, ನಮ್ಮ ಪರಮಾಣುಗಳು ಬಿದ್ದರೆ ಅಳುವುದಿಲ್ಲ, ಅದೊಂದೇ ಅನುಕೂಲ. ಲೇಸರ್ ಬೆಳಕಿನಿಂದ ಅವನ್ನು ತಣ್ಣಗೆ ಮಾಡಿ, ಗಾಳಿಯಿಲ್ಲದ ಕೊಳವೆಯಲ್ಲಿ ಬಿಟ್ಟು, ಎಷ್ಟು ಬೇಗ ಬೀಳುತ್ತವೆ ಎಂದು ಅಳೆಯುತ್ತೇವೆ. ನೆಲದ ಕೆಳಗೆ ಟೊಳ್ಳಿದ್ದರೆ ಅಲ್ಲಿ ಭೂಮಿಯ ಸೆಳೆತ ಕೂದಲೆಳೆಯಷ್ಟು ಕಡಿಮೆ. ಆ ಕೂದಲೆಳೆಯೇ ನನ್ನ ಹೊಟ್ಟೆಪಾಡು.

ಸುದ್ದಿ ನಿನಗೇ ಮೊದಲು. ಯಂತ್ರ ಮೊದಲ ಸಲ ಲ್ಯಾಬಿನಿಂದ ಹೊರಗೆ ಬರುತ್ತಿದೆ, ಅದೂ ನಮ್ಮ ಊರಿಗೇ. ನಿಮ್ಮ ಗಣಿ ಕಂಪನಿ ತನ್ನ ಹಳೆಯ ಸುರಂಗಗಳ ಮೇಲಿನ ನೆಲದ ನಕ್ಷೆ ಕೇಳಿದೆ. ನಕ್ಷೆ ಚೆನ್ನಾಗಿ ಬಂದರೆ ನನ್ನ ಕೆಲಸ ಖಾಯಂ ಅಂತ ಪ್ರೊಫೆಸರ್ ಬಾಯಿಬಿಟ್ಟು ಹೇಳಿದ್ದಾರೆ. ಕೆಟ್ಟರೆ ಈ ವರ್ಷದ ಕರಾರೇ ಕೊನೆ. ಇನ್ನೊಂದು ಕಡೆ ಅರ್ಜಿ ಹಾಕುವ ವಯಸ್ಸು ದಾಟಿತು.

ಸಂಸ್ಥೆಯಲ್ಲಿ ನನ್ನನ್ನು "ಟೊಳ್ಳು ಮೇಡಂ" ಅನ್ನುತ್ತಾರೆ, ಗೊತ್ತಲ್ಲ? ಹಿಂದೊಮ್ಮೆ ನಮ್ಮ ಕಟ್ಟಡದ ಕೆಳಗೇ ದೊಡ್ಡ ಗುಹೆ ಇದೆ ಎಂದು ಸೆಮಿನಾರಿನಲ್ಲಿ ಹೇಳಿಬಿಟ್ಟೆ. ಆ ವಾರ ತೊಳೆಯಲಿಕ್ಕೆ ಅಂತ ನೆಲದಡಿಯ ನೀರಿನ ಟ್ಯಾಂಕು ಖಾಲಿ ಮಾಡಿದ್ದರು, ಅಷ್ಟೆ. ಅಂದಿನಿಂದ ಪ್ರೊಫೆಸರ್ ಒಂದು ಪದ್ಧತಿ ಮಾಡಿದ್ದಾರೆ: ಯಂತ್ರ ಒಂದೇ ಹೇಳಿದರೆ ಸಾಲದು. ನೆಲದ ಮೇಲೂ ಒಂದು ಗುರುತು ಬೇಕು, ಬಿರುಕೋ ತಗ್ಗೋ ವಾಲಿದ ಕಂಬವೋ. ಎರಡೂ ಸೇರಿದರೆ ಮಾತ್ರ ಟೊಳ್ಳು. ಇಲ್ಲದಿದ್ದರೆ ಅದು ಯಂತ್ರದ ತಪ್ಪು.

ಗುಬ್ಬಿ

18 ಮಾರ್ಚ್

ಗುಬ್ಬೀ,

ನೀನು ಬಂದೆ, ಬಿಸಿ ತವೆಯ ಮೇಲೆ ನಿಂತವಳ ಹಾಗೆ ನಿಂತುಕೊಂಡೇ ಚಹಾ ಕುಡಿದೆ, ಹೋದೆ. ಅಕ್ಕನ ಮನೆ ಇರುವಾಗ ಕಂಪನಿಯ ಗೆಸ್ಟ್ ಹೌಸಿನಲ್ಲಿ ಮಲಗಿದೆ. ಇರಲಿ, ನಿನ್ನ ಕಂಪನಿ ದೊಡ್ಡದು.

ಆ ಕಂಪನಿ ಗಣಿ ಮುಚ್ಚಿ ಹೊರಟ ವರ್ಷ ನಿನಗೆ ನೆನಪಿರಲಾರದು, ನೀನಿನ್ನೂ ಕೈಗೂಸು. ಸುರಂಗಗಳಿಗೆಲ್ಲ ಮರಳು ತುಂಬುತ್ತೇವೆ ಎಂದು ಭಾಷಣ ಮಾಡಿದರು. ಫೋಟೋ ತೆಗೆಯುವವರು ಇರುವಷ್ಟು ದಿನ ಮರಳಿನ ಲಾರಿ ಬಂದವು. ಅವರು ಹೋದ ಮೇಲೆ ಲಾರಿಯೂ ಇಲ್ಲ, ಮರಳೂ ಇಲ್ಲ. ನಮ್ಮ ಪುಣ್ಯಕ್ಕೆ ಸುರಂಗ ರಸ್ತೆಯ ಆಚೆಗೇ ನಿಂತಿದೆ, ಶಾಲೆಯ ಕೆಳಗೆ ಬಂದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಅಪ್ಪ ಕೆಳಗಿಳಿದು ದುಡಿದವರು, ಅವರಿಗೆ ಗೊತ್ತಿರುತ್ತದೆ.

ಮಕ್ಕಳು ನಿನ್ನ ಯಂತ್ರಕ್ಕೆ "ಐಸ್ ಪೆಟ್ಟಿಗೆ" ಎಂದು ಹೆಸರಿಟ್ಟಿವೆ. ಮೈದಾನದ ಮೂಲೆಯಲ್ಲಿ, ನಾಲ್ಕನೇ ಕ್ಲಾಸಿನ ಕೋಣೆಯ ಪಕ್ಕ, ಅದನ್ನು ಮತ್ತೆ ಮತ್ತೆ ಅಲ್ಲೇ ಇಟ್ಟು ಅಳೆದೆಯಲ್ಲ? ಒಮ್ಮೆ ಪರದೆ ನೋಡುತ್ತಿದ್ದೆ, ಒಮ್ಮೆ ನನ್ನನ್ನು ನೋಡುತ್ತಿದ್ದೆ. "ಏನೇ?" ಅಂದರೆ "ಬಿಸಿಲು" ಅಂದೆ. ತುಂಬ ಬಡವಾಗಿದ್ದೀಯ. ಊಟ ಮಾಡು.

ಅಕ್ಕ

2 ಏಪ್ರಿಲ್

ಅಕ್ಕಾ,

ಕೆಲಸದ ಗಡಿಬಿಡಿ. ಒಂದು ಸಣ್ಣ ವಿಷಯ ಕೇಳಬೇಕಿತ್ತು. ಶಾಲೆಯ ಗೋಡೆಗಳಲ್ಲಿ ಇತ್ತೀಚೆಗೆ ಬಿರುಕು ಏನಾದರೂ ಬಿಟ್ಟಿದೆಯಾ? ಮೈದಾನ ಎಲ್ಲಾದರೂ ಕುಸಿದ ಹಾಗೆ, ಬಾಗಿಲು ಬಿಗಿಯಾದ ಹಾಗೆ? ನಾನು ಬಂದಾಗ ಕೋಣೆಗಳಿಗೆ ಹೊಸ ಸುಣ್ಣ ಬಳಿದಿತ್ತು, ಸರಿಯಾಗಿ ಕಾಣಲಿಲ್ಲ. ಸುಮ್ಮನೆ ಕೇಳಿದೆ, ವರದಿಯಲ್ಲಿ ಒಂದು ಸಾಲು ಬರೆಯಲಿಕ್ಕೆ. ಬೇಗ ಬರೆ.

ಗುಬ್ಬಿ

11 ಏಪ್ರಿಲ್

ಗುಬ್ಬೀ,

ಬಿರುಕು, ಕುಸಿತ, ಬಿಗಿಯಾದ ಬಾಗಿಲು! ಇದು ನಗರಸಭೆ ಎಂಜಿನಿಯರನ ಭಾಷೆ, ನಿನ್ನದಲ್ಲ. ಯಾರು ಕೇಳಿಸಿದರು? ನಿನ್ನ ವರದಿ ಕಂಪನಿಗೆ ಹೋಗುತ್ತದೆ, ಕಂಪನಿಯವರೂ ನಗರಸಭೆಯವರೂ ಒಂದೇ ತಟ್ಟೆಯಲ್ಲಿ ಉಣ್ಣುವವರು. ನಿನ್ನ ಒಂದು ಸಾಲು ಹಿಡಿದುಕೊಂಡು ನನ್ನ ಶಾಲೆಗೆ ಬೀಗ ಹಾಕುತ್ತಾರೆ. ನೀನು ಬುದ್ಧಿವಂತೆ, ಆದರೆ ಇಂಥದ್ದರಲ್ಲಿ ಇನ್ನೂ ಕೂಸು.

ಬರೆದುಕೋ: ಗೋಡೆಗಳು ಕಲ್ಲಿನ ಹಾಗಿವೆ. ನಿನ್ನ ಪ್ರೊಫೆಸರಿಗೂ ಹೇಳು, ಹೆಡ್ ಮಿಸ್ ಸ್ವತಃ ಹೇಳಿದಳು ಅಂತ.

ಸುಣ್ಣ ಬಳಿದದ್ದು ನನ್ನ ಹಳೆಯ ವಿದ್ಯಾರ್ಥಿ, ಗಾರೆ ಮೇಸ್ತ್ರಿ. "ಟೀಚರ್, ಚಿಕ್ಕೋನಿದ್ದಾಗ ಗೋಡೆ ಮೇಲೆ ಗೀಚಿದ್ದಕ್ಕೆ ಬೆತ್ತ ತಗೊಂಡ್ರಿ. ಈಗ ಅದೇ ಗೋಡೆ ಮೇಲೆ ಕೈ ಆಡ್ಸೋಕೆ ನೀವೇ ಕೂಲಿ ಕೊಡ್ತೀರಿ" ಎಂದು ನಗುತ್ತಿದ್ದ. "ಕೆಲಸ ಮಾಡೋ, ಬಾಯಿ ಆಮೇಲೆ" ಅಂದೆ. ಒಳ್ಳೆಯ ಹುಡುಗ, ಹೇಳಿದ್ದಷ್ಟು ಮಾಡುತ್ತಾನೆ, ಹೊರಗೆ ಮಾತಾಡುವುದಿಲ್ಲ.

ಅಕ್ಕ

30 ಏಪ್ರಿಲ್

ಅಕ್ಕಾ,

ನಿನ್ನ ಕಾಗದ ಓದಿ ಒಂದು ತಿಂಗಳಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟೆ. ಯಾಕೆ ಎಂದು ಕೇಳಬೇಡ. ನಿನಗೆ ಅರ್ಧ ಹೇಳಿದರೆ ನಾಳೆ ಪತ್ರಿಕೆಯ ವಾಚಕರ ವಾಣಿಯಲ್ಲಿ ಪೂರ್ತಿ ಬಂದಿರುತ್ತದೆ, ನನಗೋ ಬಾಯಿ ಬಿಡಬಾರದೆಂಬ ಕರಾರಿದೆ. ಕೆಲವು ಕೆಟ್ಟ ಅಳತೆಗಳಿದ್ದವು, ಕೈಬಿಟ್ಟೆವು. ಎಲ್ಲ ಕೆಲಸದಲ್ಲೂ ಇರುವಂಥದ್ದೇ. ಆ ಮಧ್ಯಾಹ್ನ ಲೇಸರ್ ಕಾದಿತ್ತು, ಹೆದ್ದಾರಿಯಲ್ಲಿ ಲಾರಿಗಳ ಅದುರು ಬೇರೆ. ಪ್ರೊಫೆಸರ್, "ನಿಮ್ಮಕ್ಕ ಅಲ್ಲೇ ಇದ್ದಾರಲ್ಲ, ಏನಂತಾರೆ?" ಎಂದರು. ನೀನು ಹೇಳಿದ್ದನ್ನು ಹೇಳಿದೆ. "ಮತ್ತಿನ್ನೇನು, ಈ ಸಲವೂ ಟ್ಯಾಂಕು ತೊಳೀತಿದ್ರು ಅಂತ ಇಟ್ಕೋ" ಎಂದು ಬೆನ್ನು ತಟ್ಟಿದರು.

ನಕ್ಷೆ ಹೋಯಿತು. ಕಂಪನಿಗೆ ಖುಷಿಯೋ ಖುಷಿ. ನನ್ನ ಫೈಲು ಮೇಲಕ್ಕೆ ಹೋಗಿದೆ.

ಗುಬ್ಬಿ

16 ಜೂನ್

ಗುಬ್ಬೀ,

ನಗರಸಭೆ ಎಂಜಿನಿಯರ್ ಬಂದಿದ್ದ. ಕೋಣೆ ಕೋಣೆ ಸುತ್ತಿದ, ಗೋಡೆ ಕುಟ್ಟಿ ನೋಡಿದ, ಚಹಾ ಕುಡಿದು ಹೋದ. ಮುಖ ಪೆಚ್ಚಾಗಿತ್ತು. ಕಂಪನಿಯ ನಕ್ಷೆಯಲ್ಲೂ ನಮ್ಮ ನೆಲ ಗಟ್ಟಿ ಎಂದಿದೆಯಂತೆ, ಅವನೇ ಹೇಳಿದ. ನಿನ್ನ ನಕ್ಷೆ! ಅಕ್ಕನಿಗೆ ಹೇಳದೆ ಅಕ್ಕನ ಕೆಲಸ ಮಾಡಿಕೊಟ್ಟೆ. ನಾಲ್ಕನೇ ಕ್ಲಾಸಿನ ಗೋಡೆ ಕಂಡಾಗೆಲ್ಲ ಒಳಗೊಳಗೇ ಒಂದು ಅಳುಕಿತ್ತು, ಅದೂ ಹೋಯಿತು.

ಆ ಕ್ಲಾಸನ್ನು ಸದ್ಯ ವರಾಂಡಕ್ಕೆ ಹಾಕಿದ್ದೇನೆ, ಮಕ್ಕಳಿಗೆ ಗಾಳಿ ಬೆಳಕು ಚೆನ್ನಾಗಿರುತ್ತದೆ. ಕೋಣೆಯ ಬಾಗಿಲು ಚೌಕಟ್ಟಿಗೆ ಕೂರುತ್ತಿಲ್ಲ. ಮರ ಉಬ್ಬಿರಬೇಕು. ರಜೆಯ ದಿನ ಮೇಸ್ತ್ರಿಯನ್ನು ಬರಹೇಳಿದ್ದೇನೆ. ನಾಲ್ಕು ಜನ ಇರುವಾಗ ಕೆಲಸ ಮಾಡಿಸಿದರೆ ನಾಲ್ಕು ಮಾತು ಹುಟ್ಟುತ್ತವೆ.

ಅಕ್ಕ

3 ಜುಲೈ

ಗುಬ್ಬೀ,

ಭಾನುವಾರ ನಾಲ್ಕನೇ ಕ್ಲಾಸಿನ ಕೋಣೆ ನೆಲದೊಳಗೆ ಹೋಯಿತು. ಅದರ ಜೊತೆ ಮೈದಾನದ ಮೂಲೆಯೂ. ಮಕ್ಕಳು ಇರಲಿಲ್ಲ. ಮೇಸ್ತ್ರಿ ಒಳಗಿದ್ದ.

ನಾನು ವರಾಂಡದಲ್ಲಿ ಅವನಿಗೆ ಚಹಾ ಬಗ್ಗಿಸುತ್ತಿದ್ದೆ. ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ಭಾರದ ಮೂಟೆ ಇಳಿಸಿದ ಹಾಗೆ. ಆಮೇಲೆ ಧೂಳು.

ನಿನ್ನೆ ಹೊರಗೆ ತೆಗೆದರು.

ಅಕ್ಕ

9 ಜುಲೈ

ಅಕ್ಕಾ,

ಫೋನು ಎತ್ತುತ್ತಿಲ್ಲ ನೀನು.

ಮೂರು ಬಿರುಕುಗಳಿಗೆ ಗಾರೆ ತುಂಬಿಸಿದ್ದರು, ಎರಡು ಸಲ ಸುಣ್ಣ ಬಳಿಸಿದ್ದರು ಎಂದು ಪತ್ರಿಕೆಯಲ್ಲಿದೆ. ಸುಳ್ಳು ಅನ್ನು. ಗೋಡೆ ಕಲ್ಲಿನ ಹಾಗಿದೆ ಅಂದೆಯಲ್ಲ? ಬೇರೆ ಯಾರೋ ಅಂದಿದ್ದರೆ ನಾನೇ ಬಂದು ನೋಡುತ್ತಿದ್ದೆ. ಅಂದವಳು ನೀನು. ಈ ಊರಿನಲ್ಲಿ ಒಂದು ಚರಂಡಿ ಕಲ್ಲು ಸರಿದರೂ ನಾಲ್ಕು ಅರ್ಜಿ ಬರೆಯುವವಳು ನೀನು, ಅಕ್ಕ. ಇದೊಂದಕ್ಕೆ ಸುಮ್ಮನಿರುತ್ತೀಯ ಎಂದು ನನಗೆ ಹೇಗೆ ಹೊಳೆಯಬೇಕು?

ಆ ಮೂಲೆಯಲ್ಲಿ ಸೆಳೆತ ಕಡಿಮೆ ಬಂದಿತ್ತು. ಮೂರು ಸಲ ಇಟ್ಟೆ, ಮೂರು ಸಲವೂ ಅಷ್ಟೇ ಬಂತು. ಎರಡನೇ ಗುರುತು ಸಿಗಲಿಲ್ಲವೆಂದು ಕೈಬಿಟ್ಟೆ. ಆ ಮೂಲೆ ಖಾಲಿ ಕಾಣಬಾರದೆಂದು ಅಕ್ಕಪಕ್ಕದ ಅಳತೆಗಳ ಸರಾಸರಿ ತುಂಬಿದೆ.

ಗುಬ್ಬಿ

15 ಜುಲೈ

ನಿನಗೆ ಗೊತ್ತಿತ್ತು. ನನ್ನ ಮುಂದೆ ನಿಂತಿದ್ದೆ, ಪರದೆಯಲ್ಲಿ ಕಂಡಿತ್ತು, "ಬಿಸಿಲು" ಅಂದೆ.

ಹುಟ್ಟಿದಾಗಿನಿಂದ ನನ್ನ ಒಂದು ಮಾತನ್ನೂ ಪ್ರಶ್ನೆ ಹಾಕದೆ ಒಪ್ಪಿದವಳಲ್ಲ ನೀನು. ಹಾಲು ಬಿಸಿ ಇದೆ ಅಂದರೆ ಬೆರಳು ಅದ್ದಿ ನೋಡುತ್ತಿದ್ದೆ. ಇದೊಂದೇ ಮಾತನ್ನು ಯಾಕೆ ನಂಬಿದೆ? ನಂಬಿದರೆ ಕೆಲಸ ಖಾಯಂ ಆಗುತ್ತಿತ್ತು, ಅದಕ್ಕೆ.

ನಾನೂ ನಿನ್ನ ನಕ್ಷೆ ನಂಬಿದೆ. ಎದೆಯೊಳಗಿನ ಅಳುಕಿಗೆ ನಿನ್ನ ನಕ್ಷೆಯ ಸಮಾಧಾನ ಹೇಳಿ, ಅವನನ್ನು ಆ ಕೋಣೆಗೆ ಕಳಿಸಿದೆ. ಹೋಗಲಿ ಬಿಡು. ನಾನು ಕೆಡವಿದ್ದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ, ನಿನ್ನದನ್ನು ನೀನು ಹೊರು.

ಮೇಸ್ತ್ರಿಯ ಹೆಂಡತಿ ಮನೆಗೆ ಬಂದಿದ್ದಳು. ಅವಳೂ ನನ್ನ ಶಾಲೆಯಲ್ಲೇ ಓದಿದವಳು. ಅಳಲಿಲ್ಲ. "ಟೀಚರ್, ರಜೆ ದಿನ ಯಾಕೆ ಕರೆಸಿದ್ರಿ?" ಎಂದು ಕೇಳಿದಳು. ಅಷ್ಟೇ. "ಕೂತ್ಕೋ ಮಗಳೇ" ಅಂದೆ. ಅವಳು ಕೂರಲಿಲ್ಲ.

ಮೇಸ್ತ್ರಿ ಹಾರೆಯಿಂದ ನೆಲ ಕುಟ್ಟಿದ್ದಕ್ಕೇ ಕುಸಿಯಿತು ಎಂದು ಕಂಪನಿ ಹೇಳುತ್ತಿದೆ. ತಪ್ಪು ಸತ್ತವನದು, ಆದ್ದರಿಂದ ಹೆಂಡತಿಗೆ ಪರಿಹಾರವಿಲ್ಲ. ಅವರ ಕೈಯಲ್ಲಿ ನೆಲ ಗಟ್ಟಿ ಎನ್ನುವ ನಕ್ಷೆ ಇದೆ. ನಿನ್ನದು. ಸೆಪ್ಟೆಂಬರಿನಲ್ಲಿ ವಿಚಾರಣೆ. ಬಿರುಕು ಮುಚ್ಚಿಸಿದ್ದು ನಾನು ಎಂದು ಹೇಳುತ್ತೇನೆ. ಕೆಳಗೆ ಟೊಳ್ಳು ಮೊದಲೇ ಇತ್ತು ಎಂದು ಹೇಳಬಲ್ಲವಳು ನೀನೊಬ್ಬಳೇ. ಬಾ.

20 ಆಗಸ್ಟ್

ಅಕ್ಕಾ,

ಈ ಕಾಗದ ಎಷ್ಟು ಸಲ ಹರಿದೆನೋ.

ಕೈಬಿಟ್ಟ ಅಳತೆಗಳನ್ನು ಪ್ರೊಫೆಸರಿಗೆ ತೆಗೆದು ತೋರಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಕುರ್ಚಿಯಿಂದ ಎದ್ದು, "ಕಂಡಿತ್ತು ಕಣಮ್ಮಾ! ನಮ್ಮ ಯಂತ್ರಕ್ಕೆ ಕಂಡಿತ್ತು!" ಎಂದು ಚಪ್ಪಾಳೆ ತಟ್ಟಿದರು. ಪಕ್ಕದ ಕೋಣೆಯವರು ಇಣುಕಿದರು. ಆಮೇಲೆ ಒಬ್ಬ ಸತ್ತಿದ್ದಾನೆ ಎಂಬುದು ನೆನಪಾಗಿ, ಕೈ ಎಲ್ಲಿಡಬೇಕೆಂದು ತಿಳಿಯದೆ ಕನ್ನಡಕ ಒರೆಸಿಕೊಂಡರು.

ಜಗತ್ತಿನಲ್ಲಿ ಹೀಗೆ ಮುಂಚೆಯೇ ಕಂಡ ಯಂತ್ರ ಇನ್ನೊಂದಿಲ್ಲ, ಇದನ್ನು ಪ್ರಬಂಧವಾಗಿ ಬರೆಯಬೇಕು, ಆದರೆ ವಿಚಾರಣೆ ಮುಗಿದ ಮೇಲೆ ಎನ್ನುತ್ತಾರೆ. ಈಗ ಬಾಯಿಬಿಟ್ಟರೆ ಕರಾರು ಮುರಿದ ಹಾಗೆ, ಕಂಪನಿ ಕೋರ್ಟಿಗೆಳೆಯುತ್ತದೆ, ಲ್ಯಾಬೇ ಮುಚ್ಚಬೇಕಾಗುತ್ತದೆ. "ಒಂದು ವರ್ಷ ಸುಮ್ನಿರು. ಸತ್ಯ ಎಲ್ಲಿಗೂ ಓಡಿಹೋಗಲ್ಲ" ಅಂದರು.

ನನ್ನ ಕೈ ಕೆಳಗೆ ಇಬ್ಬರು ವಿದ್ಯಾರ್ಥಿಗಳಿದ್ದಾರೆ, ಅವರ ಓದೂ ನನ್ನ ಕೆಲಸದ ಜೊತೆಗೇ ಹೋಗುತ್ತದೆ. ನಾನು ನೆಪ ಹೇಳುತ್ತಿದ್ದೇನೆ ಎಂದು ನಿನಗನ್ನಿಸಬಹುದು. ನನಗೂ ಅನ್ನಿಸುತ್ತದೆ. ಪ್ರಬಂಧ ಬಂದ ಮೇಲೆ ಮೇಸ್ತ್ರಿಯ ಹೆಂಡತಿ ಪರಿಹಾರಕ್ಕೆ ಮತ್ತೆ ಅರ್ಜಿ ಹಾಕಬಹುದಲ್ಲ?

ಸ್ವಲ್ಪ ಸಮಯ ಕೊಡು.

ಗುಬ್ಬಿ

4 ಅಕ್ಟೋಬರ್

ತಂಗಿಗೆ,

ವಿಚಾರಣೆ ಮುಗಿಯಿತು. ನಗರಸಭೆಯ ಮೇಲಿನ ಮಹಡಿ, ಉದ್ದ ಮೇಜು, ಒಂದು ಫ್ಯಾನು ಕಿರುಗುಟ್ಟುತ್ತಿತ್ತು. ಬಿರುಕು ಯಾವಾಗ ಕಂಡಿತು, ಯಾರಿಂದ ಮುಚ್ಚಿಸಿದೆ, ಯಾಕೆ ರಜೆಯ ದಿನ ಕರೆಸಿದೆ, ಎಲ್ಲ ಹೇಳಿದೆ. ಶಾಲೆ ಉಳಿಸಲು ಎಂದೆ. ಕಂಪನಿಯ ವಕೀಲ, "ಹಾಗಾದ್ರೆ ಶಾಲೆ ಉಳೀತಾ ಮೇಡಂ?" ಎಂದು ಕೇಳಿದ. ಕೆಲವರು ನಕ್ಕರು. ತಪ್ಪೇನಿಲ್ಲ, ನಗುವ ಮಾತೇ.

ಅದೇ ವಕೀಲ ನಿನ್ನ ನಕ್ಷೆಯನ್ನು ಗೋಡೆಗೆ ಅಂಟಿಸಿದ. ಎಷ್ಟು ಚಂದದ ನಕ್ಷೆ. ಮೈದಾನ ಪೂರ್ತಿ ಒಂದೇ ಹಸಿರು. ಇದು ಸರಿಯಿಲ್ಲ, ಆ ಮೂಲೆಯ ಅಳತೆ ಬೇರೆ ಇತ್ತು ಎಂದೆ. "ನೀವು ವಿಜ್ಞಾನಿಯಾ?" ಎಂದರು. ಅಲ್ಲ ಎಂದೆ. "ಅಳೆದವರು ಬಂದಿದ್ದಾರಾ?" ಎಂದರು. ಬಂದಿಲ್ಲ ಎಂದೆ. ಅಳೆದವಳು ನನ್ನ ತಂಗಿ ಎಂದು ಹೇಳಲಿಲ್ಲ. ಯಾಕೆಂದು ನನಗೇ ಗೊತ್ತಿಲ್ಲ. ನಿನ್ನನ್ನು ಕಾಪಾಡಲಿಕ್ಕಲ್ಲ, ನನಗೇ ನಾಚಿಕೆಯಾಯಿತು ಅನ್ನಿಸುತ್ತದೆ.

ತೀರ್ಪು ನೀನು ಊಹಿಸಿದಂತೆಯೇ. ಹಾರೆಯ ಪೆಟ್ಟು, ಹೆಡ್ ಮಿಸ್‌ನ ನಿರ್ಲಕ್ಷ್ಯ. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ, ಅದು ನ್ಯಾಯವೇ. ಮೇಸ್ತ್ರಿಯ ಹೆಂಡತಿಗೆ ಪರಿಹಾರವಿಲ್ಲ. ಮೆಟ್ಟಿಲಿಳಿಯುವಾಗ ಅವಳು, "ಅವ್ರು ಹಾರೆ ತಗೊಂಡೇ ಹೋಗಿರ್ಲಿಲ್ಲ ಟೀಚರ್, ಮನೇಲೇ ಇದೆ. ಬಾಗಿಲು ಕೆಲ್ಸ ಅಂತ ಉಳಿ ಸುತ್ತಿಗೆ ಒಯ್ದಿದ್ರು" ಎಂದಳು. ಒಳಗೆ ಯಾಕೆ ಹೇಳಲಿಲ್ಲ ಎಂದೆ. "ನನ್ನನ್ನ ಯಾರೂ ಕೇಳ್ಲಿಲ್ವಲ್ಲ" ಎಂದಳು. ಅದನ್ನು ಬರೆದು ಮೇಲಿನವರಿಗೆ ಕಳಿಸಿದ್ದೇನೆ. ಉತ್ತರ ಬಂದಿಲ್ಲ.

ಅಕ್ಕ

12 ಡಿಸೆಂಬರ್

ಅಕ್ಕಾ,

ಕೆಲಸ ಖಾಯಂ ಆಯಿತು. ನಿನಗಲ್ಲದೆ ಇನ್ನು ಯಾರಿಗೆ ಹೇಳಲಿ ಎಂದು ಬರೆಯುತ್ತಿದ್ದೇನೆ. ಬಾಗಿಲಿಗೆ ನನ್ನ ಹೆಸರಿನ ಹಲಗೆ ಹಾಕಿದ್ದಾರೆ. ಅದರ ಕೆಳಗೆ ನಿಂತಾಗ ಸಂತೋಷ ಬರಲಿ ಎಂದು ಕಾದೆ, ಬರಲಿಲ್ಲ.

ಪ್ರಬಂಧಕ್ಕೆ ಆ ಗುಂಡಿಯ ಸುತ್ತ ಇನ್ನೊಂದು ಸಲ ಅಳೆಯಬೇಕಾಗಿದೆ, ಮುಂಚಿನ ಅಳತೆಗೂ ನಂತರದ್ದಕ್ಕೂ ಹೋಲಿಸಲಿಕ್ಕೆ. ಈ ಸಲ ನಗರಸಭೆಯೇ ಒಪ್ಪಿಗೆ ಕೊಟ್ಟಿದೆ, ಕಂಪನಿಯ ಹಂಗಿಲ್ಲ. ಹೊಸ ವರ್ಷ ಕಳೆದು ಬರುತ್ತೇವೆ. ನಿನ್ನ ಮನೆಯಲ್ಲೇ ಇರಲಾ? ಪ್ರಬಂಧದ ಕೊನೆಯಲ್ಲಿ ನೆರವಾದವರಿಗೆ ಕೃತಜ್ಞತೆ ಹೇಳುವ ರೂಢಿ, ಅಲ್ಲಿ ನಿನ್ನನ್ನು ನೆನೆಯಬಹುದಾ?

ಗುಬ್ಬಿ

19 ಡಿಸೆಂಬರ್

ತಂಗಿಗೆ,

ಕೃತಜ್ಞತೆ ಬೇಡ.

ಅಳೆಯಲಿಕ್ಕೆ ಬಾ. ಈ ಬೀದಿಯ ಜನ ಈಗ ಮಂಚ ಎಳೆದುಕೊಂಡು ಹೊರಬಾಗಿಲ ಪಕ್ಕ ಮಲಗುತ್ತಾರೆ. ಪಕ್ಕದ ಮನೆಯಾಕೆ ಬಟ್ಟೆ ಒಗೆಯುವ ಕಲ್ಲಿನ ಮೇಲೂ ಮೆಲ್ಲಗೆ ಒಗೆಯುತ್ತಾಳೆ, ನೆಲ ಕೇಳಿಸಿಕೊಂಡುಬಿಡುತ್ತದೇನೋ ಎಂಬ ಹಾಗೆ. ಶಾಲೆ ಮುಚ್ಚಿದರು, ಮಕ್ಕಳು ಹೆದ್ದಾರಿ ದಾಟಿ ಹೋಗುತ್ತವೆ. ಟೊಳ್ಳು ಎಲ್ಲಿಯ ತನಕ ಇದೆ ಎಂದು ಎಲ್ಲರೂ ಕೇಳುತ್ತಾರೆ. ಹೇಳುವವರಿಲ್ಲ.

ನನ್ನ ಮನೆಯಲ್ಲಿರುವುದಾದರೆ ಒಂದು ಮಾತು. ಅಳೆದದ್ದನ್ನು ಅಳೆದ ದಿನವೇ ಬೀದಿಯಲ್ಲಿ ನಿಂತು ಓದಬೇಕು, ಒಂದು ಮೂಲೆಯನ್ನೂ ಬಿಡದೆ. ಮಾರ್ಚಿನಲ್ಲಿ ಕಂಡದ್ದನ್ನೂ ಓದಬೇಕು. ಮೇಸ್ತ್ರಿಯ ಹೆಂಡತಿ ಮುಂದೆ ನಿಂತಿರುತ್ತಾಳೆ, ಅವಳಿಗೆ ಅರ್ಥವಾಗುವ ಹಾಗೆ ಓದಬೇಕು. ಪ್ರಬಂಧ ಆಮೇಲೆ. ನಾನು ನಿನ್ನ ಪಕ್ಕದಲ್ಲೇ ನಿಲ್ಲುತ್ತೇನೆ. ಕಲ್ಲು ಬಿದ್ದರೆ ಇಬ್ಬರಿಗೂ ಬೀಳಲಿ.

ಹಾಗೆ ಆಗುವುದಾದರೆ ಒಂದು ಸಾಲು ಬರೆ, ಹಾಸಿಗೆ ಬಿಸಿಲಿಗೆ ಹಾಕಿಡುತ್ತೇನೆ.

ಅಕ್ಕ

6 ಜನವರಿ

ಅಕ್ಕಾ,

ಸೋಮವಾರ ಬರುತ್ತೇವೆ. ಹೆದ್ದಾರಿಯ ಹತ್ತಿರದ ಹೋಟೆಲಿನಲ್ಲಿ ಎಲ್ಲರಿಗೂ ರೂಮು ಮಾಡಿದ್ದಾರೆ.

ಗುಬ್ಬಿ